ತಲೆಗೆ ಪೆಟ್ಟಾದ ಮೇಲೆ ಪರಿಹಾರ: ಯಾವ ದಾರಿ ಯಾರಿಗೆ?

ನಮ್ಮ ಭಾವ ಅಡುಗೆಯವರು. ಮದುವೆ, ಗೃಹಪ್ರವೇಶ, ತಿಥಿ, ಐನೂರು ಎಲೆಯವರೆಗೆ ಒಬ್ಬರೇ ನಿಂತು ನಿಭಾಯಿಸುತ್ತಿದ್ದರು. ಒಂದು ರಾತ್ರಿ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ ಹಿಂದಿನಿಂದ ಗೂಡ್ಸ್ ಗಾಡಿ ಗುದ್ದಿತು. ಹೆಲ್ಮೆಟ್ ಇತ್ತು, ಜೀವ ಉಳಿಯಿತು. ಆದರೆ ಹಣೆಯ ಭಾಗದ ಮೂಳೆ ಬಿರುಕು ಬಿಟ್ಟು ಒಳಗೆ ರಕ್ತಸ್ರಾವ ಆಗಿತ್ತು. ಹದಿನೆಂಟು ದಿನ ಆಸ್ಪತ್ರೆ. ಮನೆಗೆ ಬಂದಾಗ ನಡೆಯುತ್ತಿದ್ದರು, ಮಾತಾಡುತ್ತಿದ್ದರು, ಎಲ್ಲರ ಹೆಸರೂ ನೆನಪಿತ್ತು. ದೇವರು ದೊಡ್ಡವನು ಅಂದುಕೊಂಡೆವು.

ತಿಂಗಳು ಕಳೆಯುವಷ್ಟರಲ್ಲಿ ಗಾಡಿಯ ವಿಮಾ ಕಂಪನಿ ಕಡೆಯಿಂದ ರಾಜಿಯ ಮಾತು ಬಂತು. ಮೊತ್ತ ಕೇಳಿದರೆ ಆಸ್ಪತ್ರೆಯ ಸಾಲ ತೀರಿ ಸ್ವಲ್ಪ ಉಳಿಯುವಂತಿತ್ತು. ಅಕ್ಕ ಸಹಿ ಹಾಕೋಣ ಅಂತಲೇ ಇದ್ದಳು.

ಅದೇ ವಾರ ಅಡುಗೆಮನೆಯಲ್ಲಿ ಒಗ್ಗರಣೆ ಸೀದು ಹೋಯಿತು. ಭಾವ ಒಲೆಯ ಪಕ್ಕದಲ್ಲೇ ನಿಂತು ತೆಂಗಿನಕಾಯಿ ತುರಿಯುತ್ತಿದ್ದರು. ಹೊಗೆ ಕಣ್ಣಿಗೆ ಬಿದ್ದ ಮೇಲಷ್ಟೇ ತಿರುಗಿ ನೋಡಿದರು. ಅಕ್ಕನಿಗೆ ಏನೋ ಹೊಳೆಯಿತು. ಇಂಗಿನ ಡಬ್ಬಿ ತೆರೆದು, ಕಣ್ಣು ಮುಚ್ಚಿಸಿ, ಅವರ ಮೂಗಿನ ಹತ್ತಿರ ಹಿಡಿದಳು. "ಇದೇನು ಹೇಳಿ?" ಅಂದಳು. "ಖಾಲಿ ಡಬ್ಬಿ ಅಲ್ವಾ?" ಅಂದರು ಭಾವ.

ಆ ಕಾಗದಕ್ಕೆ ಸಹಿ ಬೀಳಲಿಲ್ಲ. ಹಣೆಗೆ ಜೋರು ಪೆಟ್ಟು ಬಿದ್ದಾಗ ವಾಸನೆಯ ನರದ ಎಳೆಗಳು ಹರಿದು ಹೋಗುವುದುಂಟು ಅಂತ ಆಮೇಲೆ ವೈದ್ಯರು ಹೇಳಿದರು. ವಾಸನೆ ಬಾರದ ಅಡುಗೆಯವರಿಗೆ ಯಾರು ಐನೂರು ಎಲೆಯ ಅಡುಗೆ ವಹಿಸುತ್ತಾರೆ?

ಇದನ್ನು ಬಲ್ಲವರು ಈಗ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ನಮ್ಮನೆಯವರಿಗೂ ತಲೆಗೆ ಏಟಾಗಿದೆ. ಕಂಪನಿ ಕೊಟ್ಟಷ್ಟು ತಗೊಂಡು ಮುಗಿಸೋದಾ, ಕೇಸ್ ಹಾಕೋದಾ, ಲೋಕ ಅದಾಲತ್‌ಗೆ ಕಾಯೋದಾ?" ಲೋಕ ಅದಾಲತ್ ಅಂದರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಜಾಗ. ನಾನು ವಕೀಲಳಲ್ಲ. ಮೂರೂವರೆ ವರ್ಷ ಅಕ್ಕನ ಜೊತೆ ಕೋರ್ಟು ಸುತ್ತಿ, ಸಿಕ್ಕವರನ್ನೆಲ್ಲ ಕೇಳಿ, ಕಾನೂನು ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ರಸ್ತೆ ಅಪಘಾತವನ್ನು ಮಾತ್ರ ತೆಗೆದುಕೊಂಡಿದ್ದೇನೆ, ಅದೂ ನಮ್ಮ ಕರ್ನಾಟಕದ ಲೆಕ್ಕದಲ್ಲಿ.

ದಾರಿ ಆರಿಸುವ ಮುಂಚೆ

ಮೊದಲು ನಿಮ್ಮನ್ನೇ ನೀವು ಐದು ಪ್ರಶ್ನೆ ಕೇಳಿಕೊಳ್ಳಿ. ತಪ್ಪು ಯಾರದು, ಅದಕ್ಕೆ ಸಾಕ್ಷಿ ಇದೆಯಾ? ಗುದ್ದಿದ ಗಾಡಿ ಸಿಕ್ಕಿದೆಯಾ, ಅದಕ್ಕೆ ಇನ್ಶೂರೆನ್ಸ್ ಇತ್ತಾ? ಪೆಟ್ಟಿನ ಪೂರ್ತಿ ಪರಿಣಾಮ ಗೊತ್ತಾಗಿದೆಯಾ? ಎಷ್ಟು ದಿನ ದುಡ್ಡಿಲ್ಲದೆ ತಡೆದುಕೊಳ್ಳಬಲ್ಲಿರಿ? ಕೊನೆಯದಾಗಿ, ಈ ದಾರಿ ಹಿಡಿದರೆ ಮಿಕ್ಕ ಬಾಗಿಲು ಮುಚ್ಚಿಹೋಗುತ್ತವಾ?

ಕಾಲು ಮುರಿದವರಿಗೂ ತಲೆಗೆ ಪೆಟ್ಟಾದವರಿಗೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ಮೂಳೆ ಕೂಡಿತೋ ಇಲ್ಲವೋ ಆರು ತಿಂಗಳಲ್ಲಿ ಎಕ್ಸ್‌ರೇ ಹೇಳುತ್ತದೆ. ಮಿದುಳಿನ ಪೆಟ್ಟು ಹಾಗಲ್ಲ. ಫಿಟ್ಸ್ ಕೆಲವರಿಗೆ ವರ್ಷಗಳ ನಂತರ ಶುರುವಾಗುತ್ತದೆ. ಕೋಪ, ಮರೆವು, ಒಂದೇ ಕೆಲಸದ ಮೇಲೆ ಗಮನ ನಿಲ್ಲದಿರುವುದು, ದುಡ್ಡಿನ ಲೆಕ್ಕ ತಪ್ಪುವುದು, ಇವೆಲ್ಲ ಆಸ್ಪತ್ರೆಯ ಮಂಚದ ಮೇಲೆ ಕಾಣುವುದಿಲ್ಲ. ಕೆಲಸಕ್ಕೆ ವಾಪಸ್ ಹೋದ ದಿನ ಕಾಣುತ್ತವೆ. ಸ್ಕ್ಯಾನ್ ನಾರ್ಮಲ್ ಇದ್ದರೂ ತೊಂದರೆ ಇರಬಹುದು. ಅದಕ್ಕೇ ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ಅರ್ಜಿ ಬೇಗ ಹಾಕಿ, ರಾಜಿಗೆ ಸಹಿ ನಿಧಾನಕ್ಕೆ ಹಾಕಿ. ಮುಂದೆ ಹೇಳುವ ಒಂದೊಂದು ದಾರಿಯನ್ನೂ ಇದೇ ಮಾತಿನ ಪಕ್ಕ ಇಟ್ಟು ತೂಗಿ ನೋಡಿ.

ಆಸ್ಪತ್ರೆ ಖರ್ಚಿಗೆ: ನಗದುರಹಿತ ಚಿಕಿತ್ಸೆ

ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಯೋಜನೆಯ ಪ್ರಕಾರ, ಮೋಟಾರು ವಾಹನದಿಂದ ರಸ್ತೆ ಅಪಘಾತವಾದ ಯಾರಿಗೇ ಆಗಲಿ ನಿಗದಿತ ಆಸ್ಪತ್ರೆಯಲ್ಲಿ 1.5 ಲಕ್ಷ ರೂಪಾಯಿವರೆಗೆ, ಅಪಘಾತವಾದ ದಿನದಿಂದ ಏಳು ದಿನ, ನಗದುರಹಿತ ಚಿಕಿತ್ಸೆ ಸಿಗಬೇಕು. ಇದು ಪರಿಹಾರ ಅಲ್ಲ, ಚಿಕಿತ್ಸೆ. ತಲೆಯ ಶಸ್ತ್ರಚಿಕಿತ್ಸೆ, ಐಸಿಯು ಅಂತ ಹೋದರೆ 1.5 ಲಕ್ಷ ಬೇಗ ಕರಗುತ್ತದೆ. ಆದರೂ ಕೇಳಿ ಪಡೆಯಿರಿ. ಇದನ್ನು ಪಡೆದರೆ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ. ಮೊದಲ ವಾರ ಚಿನ್ನ ಅಡ ಇಡುವುದು ತಪ್ಪಿದರೆ, ಆಮೇಲೆ ಕಡಿಮೆ ಮೊತ್ತಕ್ಕೆ ರಾಜಿ ಮಾಡಿಕೊಳ್ಳುವ ಒತ್ತಡವೂ ತಪ್ಪುತ್ತದೆ.

ತಪ್ಪು ಸಾಬೀತು ಮಾಡದೆ ಸಿಗುವ 2.5 ಲಕ್ಷ

ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಪ್ರಕಾರ, ಸಾವಾದರೆ 5 ಲಕ್ಷ, ತೀವ್ರ ಗಾಯವಾದರೆ 2.5 ಲಕ್ಷ. ಚಾಲಕನ ತಪ್ಪು ಅಂತ ತೋರಿಸಬೇಕಿಲ್ಲ. ಗಾಯ ತೀವ್ರವಾದದ್ದು ಅಂತ ಆದರೆ ಸಾಕು. ಆದಾಯ, ವಯಸ್ಸು, ಎಷ್ಟು ಅಂಗವೈಕಲ್ಯ, ಯಾವುದೂ ಲೆಕ್ಕಕ್ಕಿಲ್ಲ. ಮೂರು ತಿಂಗಳಲ್ಲಿ ಗುಣವಾದವರಿಗೂ ಅಷ್ಟೇ, ಜೀವನಪೂರ್ತಿ ಹಾಸಿಗೆ ಹಿಡಿದವರಿಗೂ ಅಷ್ಟೇ.

ಇದು ಯಾರಿಗೆ ಸರಿ? ಸಾಕ್ಷಿ ಇಲ್ಲದವರಿಗೆ. ತಪ್ಪು ತಮ್ಮ ಕಡೆಯೇ ಜಾಸ್ತಿ ಇದೆ ಅಂತ ಗೊತ್ತಿರುವವರಿಗೆ. ಗಾಯ ತೀವ್ರ ಅನಿಸಿಕೊಂಡಿದ್ದರೂ ಗುಣವಾಗಿ, ವರ್ಷ ಕಳೆದರೂ ಏನೂ ತೊಂದರೆ ಕಾಣದೆ ಕೆಲಸಕ್ಕೆ ಹೋಗುತ್ತಿರುವವರಿಗೆ. ಮಿಕ್ಕವರು ಒಂದು ವಿಷಯ ಗಮನಿಸಿ. 149ನೇ ಕಲಂ ಹೇಳುವ ವಿಧಾನದಲ್ಲಿ (ಕಂಪನಿ ಮೊತ್ತ ಮುಂದಿಟ್ಟು ನೀವು ಒಪ್ಪುವುದು, ಇದರ ವಿವರ ಮುಂದಿದೆ) ಈ 164ರ ಹಣ ಒಪ್ಪಿಕೊಂಡರೆ, ಪೂರ್ತಿ ಪರಿಹಾರಕ್ಕೆ ನೀವು ಹಾಕಿದ ಅರ್ಜಿ ಬಿದ್ದುಹೋಗುತ್ತದೆ. ಇದು ಕಾಯ್ದೆಯಲ್ಲೇ ಬರೆದಿರುವ ಮಾತು. "ಸದ್ಯಕ್ಕೆ ಇದು ತಗೊಳ್ಳಿ, ಮಿಕ್ಕದ್ದು ಆಮೇಲೆ ನೋಡೋಣ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ವಿಮಾ ಕಂಪನಿ ತಾನೇ ಮುಂದಿಡುವ ಮೊತ್ತ

ಅಪಘಾತದ ಮಾಹಿತಿ ಸಿಕ್ಕ ಮೇಲೆ ವಿಮಾ ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಬೇಕು, ಅವರು 30 ದಿನದೊಳಗೆ ನ್ಯಾಯಮಂಡಳಿಯ (ಅಪಘಾತ ಪರಿಹಾರದ ಕೇಸು ನೋಡುವ ಕೋರ್ಟು) ಮುಂದೆ ಒಂದು ಮೊತ್ತ ಹೇಳಬೇಕು. ಒಪ್ಪಿದರೆ ರಾಜಿ ದಾಖಲಾಗಿ, ಅದರ ಪ್ರತಿ ಕೈಸೇರಿದ 30 ದಿನದೊಳಗೆ ಕಂಪನಿ ಹಣ ಕೊಡಬೇಕು. ಒಪ್ಪದಿದ್ದರೆ ವಿಚಾರಣೆಗೆ ದಿನ ಗೊತ್ತಾಗುತ್ತದೆ. ಅಂದರೆ ಬೇಡ ಅಂದರೆ ನಿಮಗೇನೂ ನಷ್ಟವಿಲ್ಲ. ಈ ಮಾತು ಅಕ್ಕನಿಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಮಾಡುತ್ತಿದ್ದಳು.

ವೇಗ ಇದರ ಗುಣ. ಆದರೆ ಮಿದುಳಿಗೆ ಪೆಟ್ಟಾದವರಿಗೆ ಇದೇ ವೇಗ ಮುಳುವಾಗುತ್ತದೆ. ಅಪಘಾತವಾದ ಎರಡು-ಮೂರು ತಿಂಗಳಿಗೆ ಯಾವ ವೈದ್ಯರೂ ಶಾಶ್ವತ ಅಂಗವೈಕಲ್ಯ ಇಷ್ಟೇ ಅಂತ ಖಚಿತವಾಗಿ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಹೇಳಲಾಗದ ನಷ್ಟಕ್ಕೆ ಕಂಪನಿ ಹಣ ಇಡುವುದಿಲ್ಲ. ಸಹಿ ಮಾಡಿದ ಮೇಲೆ ಫಿಟ್ಸ್ ಬಂತು ಅಂದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಎಂವಿಸಿ ಕೇಸ್: ಪೂರ್ತಿ ಪರಿಹಾರದ ದಾರಿ

166ನೇ ಕಲಂ ಕೆಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುವುದನ್ನೇ ಜನ ಎಂವಿಸಿ ಕೇಸ್ ಅನ್ನುತ್ತಾರೆ. ಅಪಘಾತವಾದ ಊರಲ್ಲೇ ಹಾಕಬೇಕಿಲ್ಲ. ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಪುಣೆ ರಸ್ತೆಯಲ್ಲಿ ಅಪಘಾತವಾದರೂ ಹಾವೇರಿಯಲ್ಲೇ ಕೇಸ್ ನಡೆಸಬಹುದು. ರೋಗಿಯನ್ನು ಕರೆದುಕೊಂಡು ಓಡಾಡುವವರಿಗೆ ಇದು ಸಣ್ಣ ಅನುಕೂಲವಲ್ಲ.

ತಪ್ಪು ಎದುರಿನ ಚಾಲಕನದ್ದು ಅಂತ ಇಲ್ಲಿ ತೋರಿಸಬೇಕು. ಎಫ್‌ಐಆರ್, ಸ್ಥಳ ಮಹಜರು, ಸ್ಕೆಚ್, ಗಾಡಿ ತಪಾಸಣೆಯ ವರದಿ, ಚಾರ್ಜ್‌ಶೀಟ್, ವೂಂಡ್ ಸರ್ಟಿಫಿಕೇಟ್, ಇವು ಬೇಕೇ ಬೇಕು. ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಸಾಕ್ಷಿ ಬೇಕಿಲ್ಲ. ಹೆಲ್ಮೆಟ್ ಇರಲಿಲ್ಲ, ತಿರುವಿನಲ್ಲಿ ನುಗ್ಗಿದರು ಅಂತೆಲ್ಲ ಕಂಪನಿಯವರು ವಾದಿಸುತ್ತಾರೆ. ನಿಮ್ಮ ತಪ್ಪೂ ಇದೆ ಅಂತ ಆದರೆ ಅಷ್ಟು ಪಾಲು ಕಡಿತವಾಗುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು? ಲೆಕ್ಕ ನೋಡಿ. 30 ವರ್ಷದ, ಸ್ವಂತ ದುಡಿಮೆಯ, ತಿಂಗಳಿಗೆ 20,000 ರೂಪಾಯಿ ಗಳಿಸುವವರು ಅಂತ ಇಟ್ಟುಕೊಳ್ಳಿ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2017ರಲ್ಲಿ ಹೇಳಿದ ಪ್ರಕಾರ, 40 ವರ್ಷದೊಳಗಿನ ಸ್ವಂತ ದುಡಿಮೆಯವರ ಆದಾಯಕ್ಕೆ ಭವಿಷ್ಯದ ಏರಿಕೆ ಅಂತ ಶೇ 40 ಸೇರಿಸಬೇಕು. ಇದು ಸಾವಿನ ಪ್ರಕರಣಕ್ಕೆ ಮಾತ್ರವಲ್ಲ, ಶಾಶ್ವತ ಅಂಗವೈಕಲ್ಯಕ್ಕೂ ಅನ್ವಯಿಸುತ್ತದೆ ಅಂತ ಅದೇ ಕೋರ್ಟು 2020ರಲ್ಲಿ ಸ್ಪಷ್ಟ ಮಾಡಿತು. ಆಗ ತಿಂಗಳಿಗೆ 28,000, ವರ್ಷಕ್ಕೆ 3,36,000. ಇದನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ, ಅದಕ್ಕೆ ಗುಣಕ ಅನ್ನುತ್ತಾರೆ. ವಯಸ್ಸು 26ರಿಂದ 30ರ ಒಳಗಿದ್ದರೆ ಗುಣಕ 17. ಗುಣಿಸಿದರೆ 57,12,000. ಗಳಿಕೆಯ ಶಕ್ತಿ ಶೇ 10 ಹೋಗಿದೆ ಅಂದರೆ ಇದರಲ್ಲಿ 5,71,200 ಸಿಗುತ್ತದೆ. ಶೇ 40 ಅಂದರೆ 22,84,800. ಪೂರ್ತಿ ಹೋಗಿದೆ ಅಂದರೆ 57,12,000. ಇದರ ಮೇಲೆ ಆಸ್ಪತ್ರೆ ಖರ್ಚು, ಮುಂದಿನ ಚಿಕಿತ್ಸೆ, ನೋವಿಗೆ, ಬದುಕಿನ ಸುಖ ಕಳೆದುಕೊಂಡದ್ದಕ್ಕೆ, ನೋಡಿಕೊಳ್ಳುವವರ ಖರ್ಚಿಗೆ ಬೇರೆ ಬೇರೆ ಮೊತ್ತ ಸೇರುತ್ತದೆ. 2.5 ಲಕ್ಷದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಹಾಗಾಗಿ ಇಡೀ ಕೇಸ್ ನಿಂತಿರುವುದು ಆ ಶೇಕಡಾವಾರಿನ ಮೇಲೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ವೈದ್ಯರು ಹೇಳುವ ದೇಹದ ಅಂಗವೈಕಲ್ಯ ಒಂದು, ಅದರಿಂದ ಗಳಿಕೆಗೆ ಆದ ನಷ್ಟ ಇನ್ನೊಂದು. ಸುಪ್ರೀಂ ಕೋರ್ಟ್ 2010ರ ದಶಕದ ಆರಂಭದಲ್ಲೇ ಇದನ್ನು ಬಿಡಿಸಿ ಹೇಳಿದೆ. ಎಡಗೈ ಹೋದರೆ ಬಡಗಿಗೆ, ಡ್ರೈವರ್‌ಗೆ ದುಡಿಮೆಯೇ ಹೋದಂತೆ. ಗುಮಾಸ್ತರಿಗೆ ಹಾಗಾಗದಿರಬಹುದು. ನಮ್ಮ ಭಾವನ ವಿಷಯದಲ್ಲೂ ಅದೇ. ವಾಸನೆ ಹೋದದ್ದು ದೇಹದ ಲೆಕ್ಕದಲ್ಲಿ ಸಣ್ಣ ಅಂಕಿ. ಅಡುಗೆಯವರ ಲೆಕ್ಕದಲ್ಲಿ ಅದು ಕೈ ಕಡಿದ ಹಾಗೆ.

ಇದನ್ನು ಸಾಬೀತು ಮಾಡುವುದು ಹೇಗೆ? ಕ್ರಾಸ್ ಎಕ್ಸಾಮಿನೇಷನ್‌ನಲ್ಲಿ ಕಂಪನಿಯ ವಕೀಲರು ಭಾವನನ್ನು ಕೇಳಿದ ಮೊದಲ ಪ್ರಶ್ನೆ, "ನೀವೇ ಬಸ್ಸಿನಲ್ಲಿ ಬಂದಿರಾ?" ಹೌದು ಅಂದರು. "ನೀವೇ ನಡೆದುಕೊಂಡು ಬಂದು ಇಲ್ಲಿ ನಿಂತಿದ್ದೀರಿ, ಅಲ್ಲವೇ?" ಹೌದು ಅಂದರು. ಎರಡೂ ನಿಜವೇ. ಮಿದುಳಿನ ಪೆಟ್ಟು ಹೊರಗೆ ಕಾಣದ ಕಾರಣ, ಕಾಣುವಂತೆ ಮಾಡುವ ಕೆಲಸ ಮನೆಯವರದ್ದು. ನಮಗೆ ಎರಡು ವಿಷಯ ಕೈಹಿಡಿದವು.

ಒಂದು, ನ್ಯೂರೋಸೈಕಾಲಜಿ ಪರೀಕ್ಷೆ. ನೆನಪು, ಗಮನ, ಯೋಚಿಸುವ ವೇಗ, ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಇವನ್ನೆಲ್ಲ ಗಂಟೆಗಟ್ಟಲೆ ಕೂರಿಸಿ ಅಳೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಪರಿಣತರಿದ್ದಾರೆ. ಸ್ಕ್ಯಾನಿನಲ್ಲಿ ಕಾಣದ್ದು ಈ ವರದಿಯಲ್ಲಿ ಕಾಣುತ್ತದೆ. ವಕೀಲರಿಗೆ ಇದರ ನೆನಪಿಲ್ಲದಿದ್ದರೆ ನೀವೇ ಕೇಳಿ.

ಇನ್ನೊಂದು, ಅಕ್ಕನ ನೋಟ್‌ಬುಕ್. ಇನ್ನೂರು ಪುಟದ್ದು, ಮಗನ ಹಳೇ ಗಣಿತದ ಪುಸ್ತಕ. ಮೊದಲ ಆರು ಪುಟ ಭಿನ್ನರಾಶಿ, ಏಳನೇ ಪುಟದಿಂದ ಇವಳ ಬರಹ. "ಸೋಮವಾರ. ಗ್ಯಾಸ್ ಆರಿಸಲು ಮರೆತರು, ಎರಡನೇ ಸಲ." "ಗುರುವಾರ. ಅಂಗಡಿಯವರಿಗೆ ಐನೂರು ಕೊಟ್ಟು ಚಿಲ್ಲರೆ ತಗೊಳ್ಳದೆ ಬಂದರು." "ಶನಿವಾರ. ಮಿಕ್ಸಿ ಸದ್ದಿಗೆ ತಲೆ ಹಿಡಿದುಕೊಂಡು ಕೂತರು. ಮಗುವಿಗೆ ಹೊಡೆದರು. ಯಾವತ್ತೂ ಹೊಡೆದವರಲ್ಲ." ಯಾರೂ ಹೇಳಿಕೊಟ್ಟು ಬರೆಸಿದ್ದಲ್ಲ. ದುಃಖ ತೋಡಿಕೊಳ್ಳಲು ಬರೆದದ್ದು. ಆದರೆ ತಾರೀಖು ಹಾಕಿ ಬರೆದಿದ್ದಳು, ಅದರಿಂದ ಅವಳ ಸಾಕ್ಷ್ಯಕ್ಕೆ ಬಲ ಬಂತು.

ಅಂಗವೈಕಲ್ಯದ ಸರ್ಟಿಫಿಕೇಟ್ ಚಿಕಿತ್ಸೆ ಕೊಟ್ಟ ವೈದ್ಯರಿಂದಲೇ ಬರಲಿ. ರೋಗಿಯನ್ನು ಯಾವತ್ತೂ ನೋಡದ ವೈದ್ಯರಿಂದ ಸಿದ್ಧವಾಗಿ ಬರುವ ಸರ್ಟಿಫಿಕೇಟ್‌ಗಳ ಬಗ್ಗೆ ನ್ಯಾಯಮಂಡಳಿಗಳು ಎಚ್ಚರದಿಂದಿರಬೇಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ. "ಡಾಕ್ಟರನ್ನ ನಾವೇ ಕರೆಸ್ತೀವಿ, ಶೇ 60 ಬರೆಸ್ತೀವಿ" ಅನ್ನುವವರಿಂದ ದೂರ ಇರಿ. ನಿಜವಾದ ನಷ್ಟವನ್ನೂ ಅನುಮಾನದಿಂದ ನೋಡುವಂತೆ ಅದು ಮಾಡುತ್ತದೆ.

ಪೂರ್ತಿ ಆರೈಕೆ ಬೇಕಾದವರು 2020ರ ಫೆಬ್ರವರಿಯ ಒಂದು ತೀರ್ಪನ್ನು ನಿಮ್ಮ ವಕೀಲರಿಗೆ ನೆನಪಿಸಿ. ಹರಿಯಾಣದ 12 ವರ್ಷದ ಹುಡುಗಿ, ಟ್ರ್ಯಾಕ್ಟರ್‌ನಲ್ಲಿ ಅಪ್ಪ-ಅಮ್ಮನ ಜೊತೆ ಹೋಗುವಾಗ ಟ್ರಕ್ ಗುದ್ದಿ ಮಿದುಳಿಗೆ ತೀವ್ರ ಪೆಟ್ಟಾಗಿತ್ತು. ನೋಡಿಕೊಳ್ಳುವವರಿಗೆ ಅಂತ ಒಂದಿಷ್ಟು ಇಡಿಗಂಟು ಕೊಟ್ಟರೆ ಸಾಲದು, ಅದಕ್ಕೂ ಗುಣಕ ಹಾಕಿ ಲೆಕ್ಕ ಮಾಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಇಬ್ಬರು ಸಹಾಯಕರಿಗೆ ತಿಂಗಳಿಗೆ 10,000, ಗುಣಕ 18, ಆ ಒಂದು ಬಾಬ್ತಿಗೇ 21,60,000 ರೂಪಾಯಿ ಬಂತು. ಒಟ್ಟು ಮೊತ್ತ 62 ಲಕ್ಷ ದಾಟಿತು. ಮನೆಯವರೇ ನೋಡಿಕೊಳ್ಳುತ್ತಿದ್ದರೂ ಆ ಶ್ರಮಕ್ಕೆ ಬೆಲೆಯಿದೆ. ಕೆಲಸ ಬಿಟ್ಟು ಗಂಡನನ್ನೋ ಮಗನನ್ನೋ ನೋಡಿಕೊಳ್ಳುವ ಹೆಂಗಸರು ಇದನ್ನು ಕೇಳುವುದೇ ಇಲ್ಲ. ದಯವಿಟ್ಟು ಕೇಳಿ.

ಗಾಯಗೊಂಡವರಿಗೆ ಸ್ವತಃ ವ್ಯವಹಾರ ತಿಳಿಯದ ಸ್ಥಿತಿ ಇದ್ದರೆ ಹೆಂಡತಿ, ತಂದೆ, ತಾಯಿ ಯಾರಾದರೂ ಅವರ ಪರವಾಗಿ ಅರ್ಜಿ ಹಾಕಬಹುದು. ಬಂದ ಹಣದ ಒಂದು ಭಾಗವನ್ನು ನ್ಯಾಯಮಂಡಳಿ ಬ್ಯಾಂಕಿನಲ್ಲಿ ಠೇವಣಿ ಇಡಿಸುವುದು ರೂಢಿ. ಕೆಲವರಿಗೆ ಇದು ಕಿರಿಕಿರಿ. ಮಿದುಳಿನ ಪೆಟ್ಟಿನ ನಂತರ ದುಡ್ಡಿನ ವಿವೇಚನೆ ತಪ್ಪಿದವರ ಮನೆಯಲ್ಲಿ ಅದೇ ರಕ್ಷಣೆ.

ಕಾಲ ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ನಮಗೆ ಮೂರೂವರೆ ವರ್ಷ ಹಿಡಿಯಿತು. ಕಂಪನಿ ಹೈಕೋರ್ಟಿಗೆ ಹೋದರೆ ಇನ್ನೂ ಜಾಸ್ತಿ. ಆದರೆ ಬಡ್ಡಿ ಅರ್ಜಿ ಹಾಕಿದ ದಿನದಿಂದ ಲೆಕ್ಕವಾಗುವುದು ವಾಡಿಕೆ. ಬೇಗ ಹಾಕಿ ಅನ್ನುವುದಕ್ಕೆ ಇದೂ ಒಂದು ಕಾರಣ. ಗಾಡಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ಮಾತ್ರ ಚೆನ್ನಾಗಿ ಯೋಚಿಸಿ. ತೀರ್ಪು ನಿಮ್ಮ ಕಡೆ ಬಂದರೂ ಮಾಲೀಕನಿಂದ ವಸೂಲಿ ಮಾಡುವುದು ಬೇರೆಯೇ ಹೋರಾಟ. ಅವರ ಆಸ್ತಿ ಏನಿದೆ ಅಂತ ಮೊದಲೇ ವಿಚಾರಿಸಿ.

ಲೋಕ ಅದಾಲತ್

ಕೆಲವರು ಇದನ್ನು ಕೇಸಿಗೆ ಬದಲು ಅಂದುಕೊಂಡಿದ್ದಾರೆ. ನಾನು ಇದನ್ನು ಕೇಸಿನ ನಡುವೆ ಬರುವ ನಿಲ್ದಾಣ ಅನ್ನುತ್ತೇನೆ. ಎಂವಿಸಿ ಹಾಕಿ, ದಾಖಲೆ ಕೂಡಿಸಿ, ವೈದ್ಯರ ವರದಿ ಕೈಗೆ ಬಂದ ಮೇಲೆ ಅಲ್ಲಿ ಕೂತರೆ ನಿಮ್ಮ ಮಾತಿಗೆ ತೂಕ ಇರುತ್ತದೆ. ವರ್ಷಕ್ಕೆ ಕೆಲವು ಸಲ ರಾಷ್ಟ್ರೀಯ ಲೋಕ ಅದಾಲತ್ ನಡೆಯುತ್ತದೆ, ವಿಮಾ ಕಂಪನಿಗಳ ಅಧಿಕಾರಿಗಳೇ ಬಂದು ಕೂರುತ್ತಾರೆ. ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ. ಮೇಲ್ಮನವಿ ಇಲ್ಲ. ಕಂಪನಿಗೂ ಇಲ್ಲ, ನಿಮಗೂ ಇಲ್ಲ. ಹೈಕೋರ್ಟಿನಲ್ಲಿ ಇನ್ನೊಂದಿಷ್ಟು ವರ್ಷ ಅಲೆಯುವುದು ಉಳಿಯುತ್ತದೆ. ಅದಕ್ಕೆ ಬೆಲೆಯಾಗಿ ಮೊತ್ತದಲ್ಲಿ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ.

ಆದಾಯದ ದಾಖಲೆ ಇಲ್ಲದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗೆಂದು ವರ್ಷವಾರು ಊಹಾ ಆದಾಯದ ಪಟ್ಟಿ ಮಾಡಿದೆ. ಕೂಲಿ ಮಾಡುವವರು, ಗೃಹಿಣಿಯರು, ಬೀದಿ ವ್ಯಾಪಾರದವರು ಚೀಟಿಯಿಲ್ಲ ಅಂತ ಕುಗ್ಗಬೇಕಿಲ್ಲ. ಹೈಕೋರ್ಟಿನಲ್ಲೂ ಈ ಪಟ್ಟಿ ಬಳಕೆಯಲ್ಲಿದೆ. ಹೋಗುವ ಮೊದಲು ನಿಮ್ಮ ಅಪಘಾತದ ವರ್ಷಕ್ಕೆ ಅದರಲ್ಲಿ ಎಷ್ಟಿದೆ ಅಂತ ಕೇಳಿ, ಮೇಲೆ ಹೇಳಿದ ಲೆಕ್ಕ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಷ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ ಅಂತ ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ. ಅಲ್ಲಿನ ಗದ್ದಲದಲ್ಲಿ ಕೂತು ಯೋಚಿಸುವುದು ಕಷ್ಟ.

ಕೆಲಸದಲ್ಲಿದ್ದಾಗ ಪೆಟ್ಟಾದರೆ

ಲಾರಿ ಡ್ರೈವರ್, ಕ್ಲೀನರ್, ಡೆಲಿವರಿ ಗಾಡಿಯ ನೌಕರರು ಕೆಲಸದ ನಡುವೆ ಅಪಘಾತಕ್ಕೆ ಸಿಕ್ಕರೆ ಮಾಲೀಕರಿಂದ ಪರಿಹಾರ ಕೇಳುವ ದಾರಿ ಇದೆ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದ ಈ ಹಕ್ಕು, 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ. ಇಲ್ಲಿ ಯಾರ ತಪ್ಪು ಅನ್ನುವ ಪ್ರಶ್ನೆ ಬರುವುದಿಲ್ಲ. ಡ್ರೈವರ್ ತಾನೇ ನಿದ್ದೆಗಣ್ಣಲ್ಲಿ ಮರಕ್ಕೆ ಗುದ್ದಿದರೂ ಪರಿಹಾರ ಉಂಟು. ಸಂಬಳದ ಶೇ 60ನ್ನು ವಯಸ್ಸಿನ ಅಂಕಿಯಿಂದ ಗುಣಿಸುತ್ತಾರೆ. 1923ರ ಕಾಯ್ದೆಯಡಿ ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ತಿಂಗಳಿಗೆ 15,000. 30 ವರ್ಷದವರಿಗೆ ಆ ಅಂಕಿ 207.98. ದುಡಿಮೆ ಪೂರ್ತಿ ಹೋಗಿದ್ದರೆ 9,000 ಗುಣಿಸು 207.98, ಅಂದರೆ 18,71,820. ಎಂವಿಸಿಯ 57 ಲಕ್ಷದ ಪಕ್ಕ ಇದು ಕಡಿಮೆ. ನೋವಿಗೆ, ಆರೈಕೆಗೆ ಬೇರೆ ಬಾಬ್ತು ಇಲ್ಲ. ಆದರೆ ತಪ್ಪು ಸ್ವಂತದ್ದೇ ಆದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮೋಟಾರು ವಾಹನ ಕಾಯ್ದೆಯ 167ನೇ ಕಲಂ ಪ್ರಕಾರ ಎರಡರಲ್ಲಿ ಒಂದನ್ನೇ ಆರಿಸಬೇಕು. ಎದುರು ಗಾಡಿಯ ತಪ್ಪು ಸ್ಪಷ್ಟ ಇದ್ದರೆ ಎಂವಿಸಿ. ಅನುಮಾನ ಇದ್ದರೆ ಮಾಲೀಕರ ದಾರಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೆ ಅಲ್ಲಿಂದಲೇ ತಿಂಗಳ ಅಂಗವೈಕಲ್ಯ ಸೌಲಭ್ಯ ಸಿಗುತ್ತದೆ, ಮೊದಲು ಇಎಸ್‌ಐ ಶಾಖೆಯಲ್ಲಿ ವಿಚಾರಿಸಿ.

ಗಾಡಿ ಸಿಗದಿದ್ದರೆ, ತಾನೇ ಬಿದ್ದಿದ್ದರೆ

ಗುದ್ದಿ ಓಡಿಹೋದ ಗಾಡಿಯ ಸುಳಿವೇ ಇಲ್ಲದಿದ್ದರೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ಅರ್ಜಿ ತಹಶೀಲ್ದಾರರ ಅಥವಾ ಉಪವಿಭಾಗದ ಕಚೇರಿಗೆ. ಮಿದುಳಿನ ಪೆಟ್ಟಿಗೆ 50,000 ಯಾವ ಮೂಲೆಗೂ ಸಾಲದು. ಹಾಗಾಗಿ ಸಿಸಿಟಿವಿ ಹುಡುಕುವುದನ್ನು ಮೊದಲ ವಾರದಲ್ಲೇ ಮಾಡಿ. ಅಂಗಡಿ, ಪೆಟ್ರೋಲ್ ಬಂಕ್‌ಗಳಲ್ಲಿ ಹಳೆಯ ದೃಶ್ಯ ಬೇಗ ಅಳಿಸಿಹೋಗುತ್ತದೆ. ಆಮೇಲೆ ಗಾಡಿ ಸಿಕ್ಕರೆ ಎಂವಿಸಿ ಹಾಕಬಹುದು. ಅಲ್ಲಿ ಪರಿಹಾರ ಬಂದರೆ ಈ ಹಣ ಹಿಂದಿರುಗಿಸಬೇಕು, ಅಷ್ಟೇ.

ಗುಂಡಿಗೆ ಬಿದ್ದೋ, ನಾಯಿ ಅಡ್ಡ ಬಂದೋ ತಮ್ಮದೇ ಬೈಕಿನಿಂದ ಬಿದ್ದವರು ತಮ್ಮ ಪಾಲಿಸಿಯಲ್ಲಿ ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯಾ ನೋಡಿ. ಗಾಡಿ ನಿಮ್ಮ ಹೆಸರಲ್ಲೇ ಇರಬೇಕು, ಲೈಸೆನ್ಸ್ ಚಾಲ್ತಿಯಲ್ಲಿ ಇರಬೇಕು. ಇದರಲ್ಲೊಂದು ತೊಡಕಿದೆ. ಕೈ, ಕಾಲು, ಕಣ್ಣು ಹೋದರೆ ಇಷ್ಟು ಅಂತ ಪಟ್ಟಿ ಇದೆ. ಮಿದುಳಿನ ಪೆಟ್ಟು ಅದರಲ್ಲಿ ಕೂರಬೇಕಾದರೆ ಶಾಶ್ವತ, ಸಂಪೂರ್ಣ ಅಂಗವೈಕಲ್ಯ ಅಂತ ತೋರಿಸಬೇಕು. ಅರ್ಧ ನೆನಪು ಹೋದವರಿಗೆ ಅಲ್ಲಿ ಜಾಗವಿಲ್ಲ.

ವಕೀಲರ ಖರ್ಚು

ಆಸ್ಪತ್ರೆಯ ವರಾಂಡದಲ್ಲೇ ಬಂದು ಫೈಲ್ ಕೇಳುವವರಿದ್ದಾರೆ. "ಈಗ ಏನೂ ಕೊಡಬೇಡಿ, ಬಂದದ್ದರಲ್ಲಿ ಇಷ್ಟು ಪಾಲು" ಅನ್ನುತ್ತಾರೆ. ಕೈಯಲ್ಲಿ ಕಾಸಿಲ್ಲದ ಹೊತ್ತಲ್ಲಿ ಅದು ಸಹಾಯದ ಹಾಗೇ ಕೇಳಿಸುತ್ತದೆ. ಆದರೆ ಬಂದ ಪರಿಹಾರದಲ್ಲಿ ಪಾಲು ಮಾತಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಫೀಸು ಎಷ್ಟು, ಯಾವಾಗ ಅಂತ ಮೊದಲೇ ಸ್ಪಷ್ಟವಾಗಿ ಮಾತಾಡಿ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಮಾಡಬೇಡಿ.

ದುಡ್ಡೇ ಇಲ್ಲದಿದ್ದರೆ ತಾಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯ ಎಷ್ಟಿದ್ದರೂ ಅರ್ಹರು. ಸಹಾಯವಾಣಿ 15100. ಉಚಿತ ಅಂದರೆ ಕಳಪೆ ಅಂತ ಅಂದುಕೊಳ್ಳಬೇಡಿ. ನಿಮ್ಮ ಫೈಲ್ ನೀವೇ ಅಚ್ಚುಕಟ್ಟಾಗಿ ಇಟ್ಟುಕೊಂಡರೆ ಯಾವ ವಕೀಲರಿಗಾದರೂ ಕೆಲಸ ಸುಲಭ.

ನಿಮ್ಮ ಪರಿಸ್ಥಿತಿಗೆ ಯಾವುದು?

ದುಡಿಯುವ ವಯಸ್ಸು, ಎದುರು ಗಾಡಿಯ ತಪ್ಪು ಸ್ಪಷ್ಟ, ಇನ್ಶೂರೆನ್ಸ್ ಇದೆ, ಮನೆಗೆ ಇನ್ನೊಂದು ಆದಾಯ ಇದೆ ಅಂದರೆ ಯೋಚನೆ ಬೇಡ. ಎಂವಿಸಿ ಹಾಕಿ, ಪೆಟ್ಟಾಗಿ ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಒಂದೂವರೆ ವರ್ಷ ಕಳೆಯುವವರೆಗೆ ರಾಜಿ ಮಾತು ಬೇಡ. ಇನ್ನೊಂದು ಆದಾಯ ಇಲ್ಲ, ಸಾಲಗಾರರು ಬಾಗಿಲಲ್ಲಿದ್ದಾರೆ ಅಂದರೂ ಎಂವಿಸಿಯನ್ನೇ ಹಾಕಿ. ಆದರೆ ವೈದ್ಯರ ವರದಿ ಬಂದ ಕೂಡಲೇ ಮುಂದಿನ ಲೋಕ ಅದಾಲತ್‌ಗೆ ಸಿದ್ಧರಾಗಿ. ಕಡಿಮೆ ಸಿಕ್ಕಿತು ಅಂತ ಆಗ ಕೊರಗಬೇಡಿ, ಬದುಕು ನಡೆಯಬೇಕಲ್ಲ.

ವಯಸ್ಸು 65 ದಾಟಿದವರಿಗೆ ಗುಣಕ 5 ಮಾತ್ರ. ಆದಾಯದ ನಷ್ಟಕ್ಕಿಂತ ಆರೈಕೆಯ ಖರ್ಚೇ ಅಲ್ಲಿ ದೊಡ್ಡದು. ಅದರ ದಾಖಲೆಯ ಮೇಲೆ ಗಮನ ಇಡಿ, ಒಳ್ಳೆಯ ಮೊತ್ತ ಬಂದರೆ ರಾಜಿಯೇ ವಾಸಿ. ಮಕ್ಕಳ ವಿಷಯದಲ್ಲಿ ಮಾತ್ರ ಅವಸರ ಬೇಡವೇ ಬೇಡ. ಏಳು ವರ್ಷದ ಮಗುವಿನ ಕಲಿಕೆಗೆ ಎಷ್ಟು ಪೆಟ್ಟಾಗಿದೆ ಅನ್ನುವುದು ಐದನೇ ಕ್ಲಾಸಿಗೆ ಬಂದಾಗ ಗೊತ್ತಾಗಬಹುದು.

ಈಗ ತಾರೀಖಿನ ವಿಷಯ. 2022ರ ಏಪ್ರಿಲ್ 1ರಿಂದ ಎಂವಿಸಿ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ಇದೆ. ಕ್ಯಾಲೆಂಡರ್ ತೆಗೆದು ಆ ದಿನಕ್ಕೆ ಗುರುತು ಹಾಕಿ. ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಯಲ್ಲಿ, ವಿವರವಾದ ವರದಿಯನ್ನು 90 ದಿನದಲ್ಲಿ ನ್ಯಾಯಮಂಡಳಿಗೆ ಕಳಿಸಬೇಕು, ಆ ವರದಿಯನ್ನೇ ಅರ್ಜಿ ಅಂತ ಪರಿಗಣಿಸಬೇಕು ಅನ್ನುವುದು ಕಾನೂನಿನಲ್ಲಿದೆ. ಆದರೂ ಅದನ್ನೇ ನಂಬಿ ಕೂರದೆ ನಿಮ್ಮ ಅರ್ಜಿ ನೀವು ಹಾಕಿ. ಗಡುವು ದಾಟಿದವರೂ ಕೈಚೆಲ್ಲಬೇಡಿ. ಈ ಗಡುವನ್ನು ಪ್ರಶ್ನಿಸಿರುವ ಅರ್ಜಿಗಳ ವಿಚಾರಣೆ ಮುಗಿಯುವವರೆಗೆ, ತಡವಾಯಿತು ಅನ್ನುವ ಕಾರಣಕ್ಕೆ ಪರಿಹಾರದ ಅರ್ಜಿಗಳನ್ನು ವಜಾ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಅದು ಎಷ್ಟು ದಿನ ನಿಲ್ಲುತ್ತದೆ ಅಂತ ಕಾಯದೆ, ಡಿಸ್ಚಾರ್ಜ್ ಸಮ್ಮರಿ, ಎಫ್‌ಐಆರ್ ಪ್ರತಿ, ಬಿಲ್ಲುಗಳ ಕಟ್ಟು ಒಂದು ಚೀಲಕ್ಕೆ ಹಾಕಿಕೊಂಡು ಈ ವಾರವೇ ವಕೀಲರ ಹತ್ತಿರ ಹೋಗಿ. ಹೋಗುವಾಗ ರೋಗಿಯ ಜೊತೆ ಮನೆಯಲ್ಲಿ ದಿನಪೂರ್ತಿ ಇರುವವರನ್ನೇ ಕರೆದುಕೊಂಡು ಹೋಗಿ. "ಈಗ ಹೇಗಿದ್ದೀರಿ?" ಅಂತ ಯಾರೇ ಕೇಳಲಿ, ನಮ್ಮ ಭಾವ ಇವತ್ತಿಗೂ "ಆರಾಮಾಗಿದ್ದೀನಿ" ಅಂತಲೇ ಹೇಳುತ್ತಾರೆ.